ಪಾಳಿ ಇಲ್ಲದ ನೀರು

ಪಾಳಿ ಇಲ್ಲದ ದಿನ ನಳದಲ್ಲಿ ನೀರು ಬಂದರೆ ಯಾವ ಊರಿನವರಾದರೂ ಖುಷಿಪಡುತ್ತಾರೆ. ನಮ್ಮ ಅರಳಿಹಾಳದಲ್ಲಿ ಮಾತ್ರ ಏಳು ತಿಂಗಳ ಕಾಲ ಹಾಗಿರಲಿಲ್ಲ. ನೀರಿನ ಸದ್ದು ಕೇಳಿದೊಡನೆ ಹೆಂಗಸರು ಕೊಡ ಹಿಡಿದು ಓಡುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಎದುರು ಮನೆಯನ್ನು ನೋಡುತ್ತಿದ್ದರು, ಪಕ್ಕದ ಮನೆಯನ್ನು ನೋಡುತ್ತಿದ್ದರು. ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇರುತ್ತಿತ್ತು: ಯಾರ ಮನೆಗೆ?

ಇದಕ್ಕೆ ಕಾರಣ ನಾನು. ನನ್ನ ಜೊತೆ ಆರು ಮಂದಿ ವಿದ್ಯಾರ್ಥಿಗಳಿದ್ದರು, ನಿಜ. ಆದರೆ ಸಂಶೋಧನಾ ಗುಂಪಿನ ಮುಖ್ಯಸ್ಥೆ ಅಂತ ಬಾಗಿಲ ಮೇಲೆ ಹೆಸರು ಬರೆಸಿಕೊಂಡವಳು ನಾನೇ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ನಾನು ಸುಮಿತ್ರಾ ಹಂಚಿನಾಳ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಯಂತ್ರಗಳಿಗೆ ಕಲಿಸುವ ವಿದ್ಯೆಯನ್ನು ಕಲಿಸುತ್ತೇನೆ. ಇದರಲ್ಲಿ ಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡು ಎಂದು ನಿಯಮ ಬರೆದುಕೊಡುವುದಿಲ್ಲ. ಮನುಷ್ಯರು ಹಿಂದೆ ಹೇಗೆ ಮಾಡಿದ್ದರೋ ಆ ದಾಖಲೆಯನ್ನು ರಾಶಿಗಟ್ಟಲೆ ಉಣಿಸುತ್ತೇವೆ, ಅದು ತಾನೇ ಜಾಡು ಹಿಡಿಯುತ್ತದೆ. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ಸೋಮವಾರ ಹತ್ತು ಗಂಟೆಗೆ ತಪ್ಪಿನ ಸಭೆ. ಹೋದ ವಾರ ತಾನು ಏನು ತಪ್ಪು ಮಾಡಿದೆ ಎಂದು ಪ್ರತಿಯೊಬ್ಬರೂ ಹೇಳಬೇಕು, ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದವರು ಎಲ್ಲರಿಗೂ ಗಿರಮಿಟ್ ತರಿಸಬೇಕು. ಮುಖ್ಯಸ್ಥೆಗೂ ವಿನಾಯಿತಿ ಇಲ್ಲ. ಗೇಟಿನ ಎದುರಿನ ಗಿರಮಿಟ್ ಅಂಗಡಿಯವನು ನಮ್ಮ ಸಂಶೋಧನೆಯ ಪ್ರಗತಿಯನ್ನು ಚುರುಮುರಿಯ ಲೆಕ್ಕದಲ್ಲೇ ಅಳೆಯುತ್ತಿದ್ದ.

ಮೂರು ವರ್ಷದ ಕೆಳಗೆ ನಗರದ ನೀರು ಹಂಚುವ ಕೆಲಸ ನಮ್ಮ ಕೈಗೆ ಬಂತು. ಅರಳಿಹಾಳದಲ್ಲಿ ಐದು ದಿನಕ್ಕೊಮ್ಮೆ ನೀರು. ಯಾವ ಓಣಿಗೆ ಯಾವಾಗ, ಎಷ್ಟು ಹೊತ್ತು ಎನ್ನುವುದೆಲ್ಲ ನೀರು ಬಿಡುವವರ ಚಾವಿಯಲ್ಲಿತ್ತು. ನಾವು ಮೊದಲು ಅವರ ಚಾವಿಗಳಿಗೆ ಚಿಕ್ಕ ಸಂವೇದಕ ಕೂರಿಸಿ, ಯಾರು ಯಾವ ವಾಲ್ವನ್ನು ಎಷ್ಟು ಗಂಟೆಗೆ ತಿರುಗಿಸಿದರು ಎಂಬುದನ್ನು ದಾಖಲಿಸಿದೆವು. ಮನೆಮನೆಯ ಮೀಟರುಗಳು ನಿಮಿಷಕ್ಕೊಮ್ಮೆ ಎಷ್ಟು ನೀರು ಹರಿಯಿತೆಂದು ಹೇಳುತ್ತಿದ್ದವು. ತೊಟ್ಟಿಯ ನೀರು ಕೂಡ ಅದೇ ಮೀಟರಿನ ಮೂಲಕವೇ ಮನೆಯೊಳಗೆ ಹೋಗುವಂತೆ ಮಾಡಿದ್ದೆವು. ಎರಡು ವರ್ಷ ಹೀಗೆ ದಾಖಲಾದ ಮೇಲೆ ಅದನ್ನೆಲ್ಲ ಯಂತ್ರಕ್ಕೆ ಉಣಿಸುವ ಕಾಲ ಬಂತು.

ಉಣಿಸುವ ಮೊದಲು ಅಕ್ಕಿ ಆರಿಸಿದ ಹಾಗೆ ದಾಖಲೆಯನ್ನೂ ಆರಿಸಬೇಕು. ಆ ಕೆಲಸ ಪಿಎಚ್.ಡಿ. ಮಾಡುತ್ತಿದ್ದ ಮೆಹಜಬೀನ್ ನದಾಫ್‌ಳದು. ಒಂದು ಸೋಮವಾರ ಅವಳು ಹೇಳಿದಳು, "ಮೇಡಮ್, ನೂರರಾಗ ಎರಡು ಮೂರು ಸಲ ಈ ನೀರು ಬಿಡವರು ಪಾಳಿ ಇಲ್ಲದಾಗ ವಾಲ್ವ್ ತಗದಾರ್ರಿ. ಒಂದು ತಾಸು, ಎರಡು ತಾಸು. ಕಾರಣ ಏನೂ ತಿಳಿಯವಲ್ದು."

"ಯಾರೋ ಕಾರ್ಪೊರೇಟರ್ ಮನಿಗೆ ಬಿಟ್ಟಿರಬೇಕು. ಕಿತ್ತ ಹಾಕು," ಅಂದೆ ನಾನು.

ಅವಳು ಕಿತ್ತು ಹಾಕಿದಳು. ವಾಲ್ವುಗಳಿಗೆ ಮೋಟಾರು ಬಂದವು, ಚಾವಿಗಳು ಗೋದಾಮು ಸೇರಿದವು. ಯಂತ್ರ ಹೇಳಿದ ಗಳಿಗೆಗೆ ಸರಿಯಾಗಿ ಊರಿಗೆ ನೀರು ಬರತೊಡಗಿತು. ಸೋರಿಕೆ ಅರ್ಧಕ್ಕೆ ಇಳಿಯಿತು. ನಾನು ಒಂದೆರಡು ಕಡೆ ಶಾಲು ಹೊದಿಸಿಕೊಂಡೆ, ಸಂತೋಷವೂ ಪಟ್ಟೆ.

ಇಪ್ಪತ್ತೊಂದನೆಯ ದಿನ ದ್ಯಾಮಣ್ಣ ಪ್ರಯೋಗಾಲಯಕ್ಕೆ ಬಂದ. ಮೂವತ್ತೊಂದು ವರ್ಷ ನೀರು ಬಿಟ್ಟವನು, ಈಗ ನಿಯಂತ್ರಣ ಕೊಠಡಿಯಲ್ಲಿ ಪರದೆ ನೋಡುತ್ತ ಕೂರುವ ಕೆಲಸ. ಚಪ್ಪಲಿಯನ್ನು ಹೊರಗೆ ಬಿಟ್ಟು, ಕುರ್ಚಿ ಕೊಟ್ಟರೂ ಕೂರದೆ ನಿಂತೇ ಮಾತಾಡಿದ.

"ಅಕ್ಕಾರ, ನಿನ್ನೆ ಹಟಗಾರ ಓಣ್ಯಾಗ ಒಬ್ಬಾಕಿ ಮುದುಕಿ ತೀರಿಕೊಂಡ್ಲು. ಮುಂಜಾನಿ ಎಂಟಕ್ಕ ಜೀವ ಹೋತು. ಹೆಣಕ್ಕ ನೀರು ಹಾಕಾಕ ಮಧ್ಯಾಹ್ನ ಮೂರಾತು. ಟ್ಯಾಂಕರ್ ಬರೂತನಕ ಮಂದಿ ಕುಂತಿದ್ರು."

"ಓಣಿಯವರ ತೊಟ್ಟಿಯೊಳಗ ನೀರಿರಲಿಲ್ಲೇನು?"

"ಐದನೇ ದಿನಕ್ಕ ಯಾರ ತೊಟ್ಯಾಗ ಇರತೈತ್ರಿ? ಅದಕ್ಕ ನಾವು ಬಿಡತಿದ್ವಿ. ಸತ್ತವರ ಮನಿಗೆ ಪಾಳಿ ಇಲ್ಲರಿ. ಯಾವ ಜಾತಿ ಇರಲಿ, ಹೆಣಕ್ಕ ನೀರು ಬೇಕು, ಮಣ್ಣಿಗೆ ಹೋಗಿ ಬಂದವರಿಗೆ ಜಳಕಕ್ಕ ಬೇಕು. ಓಣಿಯವರು ಯಾರರ ಒಬ್ಬರು ನಮ್ಮ ಮನಿಗೆ ನಡಕೊಂಡು ಬರತಿದ್ರು. ಸತ್ತ ಮನ್ಯಾವರು ಬರತಿರಲಿಲ್ಲ, ಬಾಜೂ ಮನ್ಯಾವರು. 'ನಮ್ಮ ಓಣ್ಯಾಗ ನೀರು ಬೇಕಾಗೈತಿ' ಅನ್ನವರು. ಅಷ್ಟ. ಯಾರು, ಏನು ಅಂತ ನಾವು ಕೇಳತಿರಲಿಲ್ಲ. ತಾಟಿನ ಮುಂದ ಕುಂತಿದ್ರ ಕೈ ತೊಳಕೊಂಡು ಚಾವಿ ತಗೊಂಡು ಹೋಗೂದು."

ನಾನು ಮೆಹಜಬೀನ್‌ಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಾವು ಕಸವೆಂದು ಕಿತ್ತು ಹಾಕಿದ್ದು ಊರಿನ ಹೆಣದ ನೀರನ್ನು. ನನಗೆ ನಾಚಿಕೆಯಾಯಿತು. ಆ ಸೋಮವಾರದ ಗಿರಮಿಟ್ ನನ್ನದಾಯಿತು, ಯಾರೂ ಸರಿಯಾಗಿ ತಿನ್ನಲಿಲ್ಲ.

ತಪ್ಪನ್ನು ತಿದ್ದಲು ನಾವು ಮಾಡಿದ್ದು ಇಷ್ಟೇ. ಕಿತ್ತು ಹಾಕಿದ ದಾಖಲೆಯನ್ನೆಲ್ಲ ಮತ್ತೆ ಸೇರಿಸಿದೆವು. ಯಂತ್ರಕ್ಕೆ ಒಂದು ಗುರಿ ಕೊಟ್ಟೆವು: ಪಾಳಿ ಇಲ್ಲದ ನೀರು ಬೇಕಾದಾಗಿನಿಂದ ಅದು ಬರುವವರೆಗೆ ಜನ ಕಾಯುವ ಹೊತ್ತು ಎಷ್ಟು ಕಡಿಮೆಯೋ ನಿನಗೆ ಅಷ್ಟು ಹೆಚ್ಚು ಅಂಕ. ಸಾವು ಎಂಬ ಪದ ಅದಕ್ಕೆ ಗೊತ್ತಿಲ್ಲ. ಒಂದು ಮನೆಗೆ ಜನ ಬಂದು ಸೇರಿದಾಗ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಮೀಟರಿನಿಂದ ತಿಳಿದು ಅದು ವಾಲ್ವ್ ತೆರೆಯಲಿ ಎನ್ನುವುದು ನಮ್ಮ ಆಸೆ.

ಮೊದಲ ಎರಡು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಯಾರೂ ಹೇಳದೆಯೇ, ಸಾವಾದ ಗಂಟೆಯೊಳಗೆ ಓಣಿಗೆ ನೀರು ಬರುತ್ತಿತ್ತು. 'ದುಃಖ ಅರಿಯುವ ಯಂತ್ರ' ಎಂದು ಪತ್ರಿಕೆಯವರು ಬರೆದರು. ಮನೆಯಲ್ಲಿ ನಮ್ಮ ಶಾಂತಕ್ಕ ಅದನ್ನು ಗಟ್ಟಿಯಾಗಿ ಓದಿ, "ನಿನಗಽ ಅರಿಯೂದಿಲ್ಲ, ನಿನ್ನ ಯಂತ್ರಕ್ಕ ಅರೀತೇನು?" ಎಂದು ನಕ್ಕಳು.

ಶಾಂತಕ್ಕ ನನಗಿಂತ ಹದಿನಾರು ವರ್ಷ ದೊಡ್ಡವಳು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿ ನಿವೃತ್ತಿಯಾದವಳು. ಅವ್ವ ಹೋದಾಗ ನನಗೆ ಆರು ವರ್ಷ, ಅಲ್ಲಿಂದ ನನ್ನನ್ನು ಬೆಳೆಸಿದ್ದು ಅವಳೇ. ನಾವಿಬ್ಬರೂ ಮದುವೆಯಾಗಲಿಲ್ಲ, ಯಾರೂ ಬಲವಂತ ಮಾಡಲಿಲ್ಲ, ಗಾಣಿಗೇರ ಓಣಿಯ ಮನೆಯಲ್ಲಿ ಆರಾಮಾಗಿ ಇದ್ದೆವು. ಎದುರು ಮನೆಯ ನೀಲವ್ವನ ಜೊತೆ ಮಾತ್ರ ಆರು ವರ್ಷದಿಂದ ಮಾತಿರಲಿಲ್ಲ. ಅವರು ನಳಕ್ಕೆ ಮೋಟಾರು ಹಚ್ಚಿ ನಮ್ಮ ನೀರು ಎಳೆದುಕೊಳ್ಳುತ್ತಾರೆಂದು ಅಕ್ಕ ಒಮ್ಮೆ ಬೀದಿಯಲ್ಲಿ ನಿಂತು ಮಗ್ಗಿ ಹೇಳಿಸುವ ದನಿಯಲ್ಲಿ ಅಂದಿದ್ದಳು. ನೀಲವ್ವನೂ ಸುಮ್ಮನಿರುವ ಹೆಂಗಸಲ್ಲ. "ನಾ ಇರೂತನಕ ಆಕಿ ನಮ್ಮ ಹೊಸ್ತಲಾ ದಾಟಂಗಿಲ್ಲ ನೋಡು," ಎನ್ನುವುದು ಅಕ್ಕನ ಪ್ರತಿಜ್ಞೆ.

ಮೂರನೆಯ ತಿಂಗಳು ಮೆಹಜಬೀನ್ ತಪ್ಪಿನ ಸಭೆಗೆ ಒಂದು ಹಾಳೆ ತಂದಳು. ಅವಳ ಮುಖ ಬಿಳುಚಿಕೊಂಡಿತ್ತು.

"ಮೇಡಮ್, ಇದು ತಪ್ಪೋ ಅಲ್ಲೋ ನನಗ ಗೊತ್ತಾಗವಲ್ದು. ಶಿವಾಜಿ ಪೇಟಿಯೊಳಗ ಬುಧವಾರ ನೀರು ಬಂದದ. ಸಾವಾಗಿದ್ದು ಗುರುವಾರ."

ಹಿಂದಿನ ಎಲ್ಲ ದಾಖಲೆ ತೆಗೆದು ನೋಡಿದೆವು. ನೀರು ಸಾವಿಗೆ ಹತ್ತಿರ ಹತ್ತಿರ ಬಂದು, ದಾಟಿ, ಈಗ ಮುಂದೆ ನಡೆಯುತ್ತಿತ್ತು. ಮೊದಲು ಎರಡು ತಾಸು ಮುಂಚೆ, ಆಮೇಲೆ ಅರ್ಧ ದಿನ, ಕೊನೆಗೆ ಎರಡು ದಿನ. ಹತ್ತರಲ್ಲಿ ಏಳು ಸಲ ಸರಿಯಾಗಿತ್ತು. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು.

ಇದರಲ್ಲಿ ಪವಾಡವೇನೂ ಇರಲಿಲ್ಲ. ಕಾಯುವ ಹೊತ್ತು ಕಡಿಮೆಯಾಗಬೇಕು ಎಂದು ನಾವೇ ಹೇಳಿದ್ದೆವು. ಮುಂಚೆಯೇ ನೀರು ಬಿಟ್ಟರೆ ಯಾರೂ ಕಾಯುವುದೇ ಇಲ್ಲ. ಮನೆಯಲ್ಲಿ ಒಬ್ಬರು ಕೊನೆಯ ಹಾಸಿಗೆ ಹಿಡಿದಾಗ ಆ ಮನೆಯ ನೀರು ಬೇರೆ ಥರ ಹರಿಯುತ್ತದೆ. ಬೆಳಗಿನ ಜಳಕವೊಂದು ನಿಲ್ಲುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಹಾಸಿಗೆ ಬಟ್ಟೆ ತೊಳೆಯುತ್ತಾರೆ. ಅಡುಗೆಯ ನೀರು ಕಡಿಮೆಯಾಗಿ ಬಚ್ಚಲಿನ ನೀರು ಹೆಚ್ಚುತ್ತದೆ. ಇವನ್ನೆಲ್ಲ ನೋಡಿ ಯಂತ್ರ, ಇಲ್ಲಿ ಸ್ವಲ್ಪದರಲ್ಲೇ ನೀರು ಬೇಕಾಗುತ್ತದೆ ಎಂದು ಲೆಕ್ಕ ಹಾಕುತ್ತಿತ್ತು.

ನಾವು ಹೊರಗೆ ಹೇಳುವ ಮೊದಲೇ ಊರಿಗೆ ಗೊತ್ತಾಗಿತ್ತು. ಓಣಿಗಳಲ್ಲಿ ಹೊಸ ರೂಢಿಗಳು ಹುಟ್ಟಿಕೊಂಡವು. ಪಾಳಿ ಇಲ್ಲದ ನೀರು ಬಂದರೆ ಅದರಲ್ಲಿ ಅಡುಗೆ ಮಾಡಬಾರದು. ಬಾಣಂತಿಗೆ ಎರೆಯಬಾರದು. ಮುದುಕರಿದ್ದ ಮನೆಗೆ ನೆಂಟರ ಫೋನುಗಳು ಬರುತ್ತಿದ್ದವು, "ಸುಮ್ಮನ ಮಾಡಿದ್ವಿ, ಅಪ್ಪಾರು ಹೆಂಗದಾರ?" ಎಂದು. ಒಬ್ಬ ಅಜ್ಜ ಕೋಲೂರಿಕೊಂಡು ನಿಯಂತ್ರಣ ಕೊಠಡಿಗೇ ಬಂದು, "ನನ್ನ ಸಲುವಾಗಿ ನೀರು ಬಿಟ್ಟವ ಯಾವನಪಾ? ನಿನ್ನ ತಿಥಿ ಊಟ ಮಾಡೇ ಹೋಗಾಂವ ನಾನು," ಎಂದು ದ್ಯಾಮಣ್ಣನನ್ನು ಬೈದು ಚಹಾ ಕುಡಿದು ಹೋದ. ಒಳ್ಳೆಯದೂ ಆಯಿತು. ಓಣಿಗೆ ನೀರು ಬಂದಿತೆಂದು ಕೇಳಿ ಮೀರಜಿನಿಂದ ಬಸ್ಸು ಹತ್ತಿದ ಮಗಳೊಬ್ಬಳು ತಾಯಿಯ ಬಾಯಿಗೆ ನೀರು ಬಿಡಲು ಸಿಕ್ಕಳು. ಅವಳು ನನಗೆ ಬರೆದ ಕಾಗದ ಇನ್ನೂ ನನ್ನ ಬಳಿ ಇದೆ.

ನಗರಪಾಲಿಕೆಯ ಆಯುಕ್ತರಿಗೆ ಇದು ತುಂಬ ಹಿಡಿಸಿತು. "ಮೇಡಮ್, ಎರಡನೇ ಹಂತದಲ್ಲಿ ಇದನ್ನು ಆರೋಗ್ಯ ಇಲಾಖೆಗೆ ಜೋಡಿಸೋಣ. ಮುಂಚೆ ಗೊತ್ತಾದರೆ ಜೀವ ಉಳಿಸಬಹುದಲ್ಲ," ಎಂದರು. ಮಾತು ತೆಗೆದುಹಾಕುವಂಥದ್ದಲ್ಲ. ನಾವು ಒಂದು ತಿಂಗಳು ಪ್ರಯತ್ನವನ್ನೂ ಮಾಡಿದೆವು. ಯಂತ್ರ ತೋರಿಸಿದ ಮನೆಗಳಿಗೆ ನರ್ಸುಗಳು ಹೋದರು. ಹೆಚ್ಚಿನವರು ಆಸ್ಪತ್ರೆಯಿಂದ 'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ಕಳಿಸಿದವರು, ಮನೆಯವರಿಗೆ ಗೊತ್ತಿದ್ದದ್ದೇ. ಇಬ್ಬರಿಗೆ ಔಷಧ ಬದಲಿಸಿ ಗುಣವಾಯಿತು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಎರಡು ವಾರದಲ್ಲಿ ನರ್ಸನ್ನು ಕಂಡರೆ ಬಾಗಿಲು ಹಾಕಿಕೊಳ್ಳುವುದು ಶುರುವಾಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಜನ ನಳಕ್ಕೆ ಸುಳ್ಳು ಹೇಳುವುದನ್ನು ಕಲಿತರು.

ಹೊಸ ಬಡಾವಣೆಯಲ್ಲಿ ಒಬ್ಬ ಹುಡುಗಿ ತನ್ನ ಅಪ್ಪನ ಹೊಲಸಾದ ಹಾಸಿಗೆಯನ್ನು ಮೂರು ದಿನ ತೊಳೆದಿರಲಿಲ್ಲ. ನರ್ಸು ಬೈದಾಗ ಅತ್ತಳಂತೆ. "ತೊಳದ್ರ ಮೀಟರ್‌ಗೆ ಗೊತ್ತಾಗತೈತ್ರಿ. ನೀರು ಬರತೈತಿ. ಓಣಿ ಮಂದಿ ಅಪ್ಪನ್ನ ಸತ್ತಾಂವನಂಗ ನೋಡ್ತಾರ." ನರ್ಸು ಬರೆದ ವರದಿಯಲ್ಲಿ ಈ ಮಾತು ಇದ್ದ ಹಾಗೇ ಇತ್ತು. ನಾನು ಓದಿದೆ, ಮಡಚಿ ಕಡತದಲ್ಲಿಟ್ಟೆ, ಇದು ಅಜ್ಞಾನ, ಜನರಿಗೆ ತಿಳಿಹೇಳಬೇಕು ಎಂದು ಟಿಪ್ಪಣಿ ಬರೆದೆ.

ಆ ಹೊತ್ತಿಗೆ ಅಕ್ಕನ ಹೃದಯ ದೊಡ್ಡದಾಗಿ ಬಲ ಕಳೆದುಕೊಂಡಿತ್ತು. ಕಾಲು ಬಾತು ಹಾಸಿಗೆ ಹಿಡಿದಿದ್ದಳು. ಡಾಕ್ಟರು ಹೇಳುವಷ್ಟು ಹೇಳಿದ್ದರು. ಪ್ರಯೋಗಾಲಯದ ನನ್ನ ಪರದೆಯಲ್ಲಿ ಯಾವ ಮನೆಯ ಮೇಲೆ ಒತ್ತಿದರೂ ಅಲ್ಲಿಗೆ ಎಷ್ಟು ಬೇಗ ನೀರು ಬೇಕಾಗಬಹುದೆಂಬ ಯಂತ್ರದ ಲೆಕ್ಕ ಕಾಣುತ್ತಿತ್ತು, ನಮ್ಮ ಮನೆಯದೂ. ನಾನು ಒತ್ತಲಿಲ್ಲ. ಒತ್ತಬೇಕೆಂದು ದಿನವೂ ಅನ್ನಿಸುತ್ತಿತ್ತು. ಅಕ್ಕನಿಗೆ ಅದೂ ತಿಳಿದಿತ್ತು.

"ನೋಡಬ್ಯಾಡ," ಎಂದಳು ಒಂದು ಸಂಜೆ, ಗಂಜಿ ಕುಡಿಯುತ್ತ. "ನೋಡಿದಿ ಅಂದ್ರ ನಿನ್ನ ಮಾರಿ ಮ್ಯಾಲೆ ನಾ ಓದತೀನಿ. ನಲವತ್ತು ವರ್ಷ ಹುಡುಗೂರ ಮಾರಿ ಓದೀನಿ."

ಮರುದಿನ ಬೆಳಗ್ಗೆ ಐದೂವರೆಗೆ ನಾನು ಬಚ್ಚಲಿನಲ್ಲಿ ನಿಂತಿದ್ದೆ. ಅಕ್ಕ ಜೀವಮಾನವೆಲ್ಲ ಜಳಕ ಮಾಡಿದ್ದು ಐದೂವರೆಗೆ. ಈಗ ಎರಡು ದಿನಕ್ಕೊಮ್ಮೆ ನಾನೇ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸುತ್ತಿದ್ದೆ, ಒಂದು ತಂಬಿಗೆ ನೀರು ಸಾಕಾಗುತ್ತಿತ್ತು. ಆದರೂ ಬಚ್ಚಲಿನ ನಳ ತಿರುಗಿಸಿದ್ದೆ. ನೀರು ಸುಮ್ಮನೆ ಮೋರಿಗೆ ಹರಿಯುತ್ತಿತ್ತು. ಎರಡು ಬಕೆಟ್ ಆಗುವಷ್ಟು ಹರಿಯಲಿ, ಆಮೇಲೆ ನಿಲ್ಲಿಸಿದರಾಯಿತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹೀಗೆ ಎಷ್ಟು ದಿನದಿಂದ ಮಾಡುತ್ತಿದ್ದೆ ಎಂದು ನೆನಪಿಸಿಕೊಂಡೆ. ಹತ್ತು ದಿನ.

ಒಳಗಿನಿಂದ ಅಕ್ಕ ಕೇಳಿದಳು, "ಸುಮೀ, ಯಾರಿಗೆ ಜಳಕಾ ಮಾಡಸ್ಲಿಕ್ಕತ್ತೀಯವ್ವಾ?"

ನಾನು ನಳ ನಿಲ್ಲಿಸಿದೆ. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತು ಅತ್ತೆ. ಯಂತ್ರ ಕಟ್ಟಿದವಳೇ ಯಂತ್ರಕ್ಕೆ ಹೆದರಿ ಸುಳ್ಳು ಹೇಳುತ್ತಿದ್ದೆ, ಹಾಸಿಗೆ ತೊಳೆಯದ ಹುಡುಗಿಗೆ ಅಜ್ಞಾನಿ ಎಂದು ಬರೆದಿದ್ದೆ.

ಸೋಮವಾರದ ಸಭೆಯಲ್ಲಿ ಇದನ್ನು ಹೇಳಿದೆ. ಆರು ಮಂದಿ ತಲೆ ತಗ್ಗಿಸಿ ಕೇಳಿದರು. ದ್ಯಾಮಣ್ಣನನ್ನೂ ಕರೆಸಿದ್ದೆ, ಅವತ್ತು ಅವನು ಕುರ್ಚಿಯ ಮೇಲೆ ಕೂತ.

"ಮನೆಯ ಮೀಟರುಗಳನ್ನು ಯಂತ್ರದಿಂದ ಬಿಡಿಸೋಣ," ಎಂದೆ. "ಪಾಳಿ ನೀರು ಮಾತ್ರ ಅದು ನೋಡಿಕೊಳ್ಳಲಿ."

ಮೆಹಜಬೀನ್ ಪೆನ್ನು ಮುಚ್ಚಿಟ್ಟಳು. "ನನ್ನ ಥೀಸಿಸ್ಸಿನ್ಯಾಗ ಅದಽ ಚಲೋ ಅಧ್ಯಾಯ ಇತ್ರಿ," ಎಂದಳು. ಆಮೇಲೆ, "ಬಿಡಸೂಣ್ರಿ. ನಮ್ಮ ಅಜ್ಜೀನೂ ಈಗೀಗ ನಮಾಜಿಗೆ ಕೈಕಾಲು ತೊಳಕೊಳ್ಳೂ ಒಜೂ ನೀರು ಹೆಚ್ಚು ಕಡಿಮಿ ಆಗಬಾರದಂತ ಹೆದರತಾಳ."

"ಸತ್ತವರ ಮನಿ ನೀರು ಮತ್ತ?" ಎಂದು ಇನ್ನೊಬ್ಬ ಕೇಳಿದ. "ಫೋನ್ ಮಾಡಿದ್ರ ಬಿಡೂಹಂಗ ಮಾಡೂಣೇನು?"

ದ್ಯಾಮಣ್ಣ ತಲೆಯಾಡಿಸಿದ. "ಫೋನ್ ಬ್ಯಾಡ್ರಿ. ಎದ್ದು ನಾಕ ಹೆಜ್ಜಿ ನಡೀಬೇಕು. ಒಬ್ಬರ ಸಲುವಾಗಿ ಇನ್ನೊಬ್ಬರು. ಓಣಿ ಮೂಲ್ಯಾಗ ವಾಲ್ವ್ ಪೆಟ್ಟಿಗಿ ಐತೆಲ್ಲ, ಅದಕ್ಕೊಂದು ಹಿಡಿಕಿ ಹಚ್ಚರಿ."

"ಯಾರು ಬೇಕಾದವರು ತಿರುಗಿಸಿ ನೀರು ತಗೊಂಡ್ರ?"

"ಮೂವತ್ತೊಂದು ವರ್ಷದಾಗ ಸುಳ್ಳು ಹೇಳಿ ಹೆಣದ ನೀರು ಕೇಳಿದವರು ಒಬ್ಬರೂ ಇಲ್ಲ. ನೀರಿನ ಸಲುವಾಗಿ ತಲಿ ಒಡಕೊಂಡ ಮಂದೀನೂ ಕೇಳಿಲ್ಲ. ಯಾರ ಬಾಯಾಗ ಬರತೈತ್ರಿ ಆ ಮಾತು?"

ಆಯುಕ್ತರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎರಡನೆಯ ಹಂತದ ಕೆಲಸ ಬೇರೆ ಗುಂಪಿಗೆ, ಬೇರೆ ವಿಷಯದ ಮೇಲೆ ಹೋಯಿತು. ನಮ್ಮ ಗುಂಪಿನ ಇಬ್ಬರು ಬೇರೆ ಕಡೆ ಸೇರಿಕೊಂಡರು, ಅದರ ಬೇಸರ ನನಗೆ ಈಗಲೂ ಇದೆ. ಮೀಟರುಗಳನ್ನು ಮಾತ್ರ ಬಿಡಿಸಿದೆವು. ನೂರ ಹನ್ನೆರಡು ಓಣಿಗಳ ಮೂಲೆಯಲ್ಲಿ ನೂರ ಹನ್ನೆರಡು ಹಿಡಿಕೆ ಬಂದವು, ಹಸಿರು ಬಣ್ಣದವು. ಮೊದಲ ವಾರ ಯಾರೂ ಅದನ್ನು ಮುಟ್ಟಲಿಲ್ಲ. ಎರಡನೆಯ ವಾರ ಹಟಗಾರ ಓಣಿಯಲ್ಲಿ ಒಬ್ಬರು ಮುಟ್ಟಿದರು. ಅಂದು ನೀರು ಬಂದಾಗ ಯಾರೂ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಐದೂವರೆಗೆ ನಳ ಬಿಡುವುದನ್ನು ನಾನು ನಿಲ್ಲಿಸಿದೆ. ಅಕ್ಕನ ಹಾಸಿಗೆಯನ್ನು ಬೇಕಾದಾಗ ಬೇಕಾದಷ್ಟು ನೀರಿನಲ್ಲಿ ತೊಳೆದೆ. ಆಮೇಲಿನ ಐದು ವಾರ ನಾವಿಬ್ಬರೂ ಚೆನ್ನಾಗಿದ್ದೆವು.

ಒಂದು ಮಂಗಳವಾರ ಬೆಳಗ್ಗೆ ಏಳೂಕಾಲಿಗೆ ಚಹಾ ತೆಗೆದುಕೊಂಡು ಹೋದೆ. ಅಕ್ಕ ಗೋಡೆಯ ಕಡೆ ತಿರುಗಿದ್ದಳು. ಕರೆದೆ. ಕೈ ಮುಟ್ಟಿದೆ. ಲೋಟವನ್ನು ಕಿಟಕಿಯಲ್ಲಿಟ್ಟು ಅವಳ ಪಕ್ಕದಲ್ಲಿ ಕೂತೆ. ಆಮೇಲೆ ಎದ್ದು ಬಂದು ಬಾಗಿಲು ತೆಗೆದು ಹೊರಗಿನ ಕಟ್ಟೆಯ ಮೇಲೆ ಕೂತೆ. ಯಾರಿಗೆ ಮೊದಲು ಹೇಳಬೇಕೆಂದು ತಿಳಿಯಲಿಲ್ಲ. ತೊಟ್ಟಿಯ ನೀರು ತಳ ಕಂಡಿತ್ತು, ನಮ್ಮ ಪಾಳಿ ಗುರುವಾರ ಎನ್ನುವುದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು.

ಎದುರಿಗೆ ನೀಲವ್ವ ಅಂಗಳ ಗುಡಿಸುತ್ತಿದ್ದಳು. ಕಸಬರಿಗೆ ನಿಲ್ಲಿಸಿ ನನ್ನನ್ನು ನೋಡಿದಳು. ಆರು ವರ್ಷದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಏನನ್ನೂ ಕೇಳಲಿಲ್ಲ. ಕಸಬರಿಗೆಯನ್ನು ಗೋಡೆಗೆ ಆನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಯುವ ಮೊಣಕಾಲನ್ನು ಎಳೆಯುತ್ತ ಓಣಿಯ ಮೂಲೆಗೆ ನಡೆದಳು. ಅವಳ ನಡಿಗೆ ನಿಧಾನ, ನನಗೆ ಅದು ಬಹಳ ದೂರ ಅನ್ನಿಸಿತು. ಹಿಡಿಕೆ ತಿರುಗಿದ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದ ನಳ ಕೆಮ್ಮಿತು, ಗಾಳಿ ಬಿಟ್ಟಿತು, ನೀರು ಬಂತು. ಓಣಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಯಾರೂ ಕೊಡ ತರಲಿಲ್ಲ.

ನೀಲವ್ವ ತಿರುಗಿ ಬಂದವಳು ತನ್ನ ಮನೆಗೆ ಹೋಗಲಿಲ್ಲ. ನಮ್ಮ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ ಒಳಗೆ ಬಂದಳು. ಅಕ್ಕನ ಮಾತು ಸುಳ್ಳಾಗಲಿಲ್ಲ.

"ಹಂಡೆ ಎಲ್ಲಿಟ್ಟೀರಿ, ಸುಮಿತ್ರಾ?" ಎಂದು ಕೇಳಿದಳು.

ನಾನು ಬಚ್ಚಲಿನ ಕಡೆ ಕೈ ತೋರಿಸಿದೆ.